ಪಾಕ ನೋಡುವವರು ಮತ್ತು ಐದು ಲೋಟ ಕರಿ ಬಿಯರು

ಆಗ 2022ನೆಯ ಇಸವಿ, ಜನವರಿ ತಿಂಗಳು. ನನಗೆ ಐವತ್ತೊಂದು ವರ್ಷ. ಹಿಂದಿನ ವರ್ಷವಷ್ಟೇ ನಾನು ಶಾಲೆಯಿಂದ ಸ್ವಯಂನಿವೃತ್ತಿ ಪಡೆದಿದ್ದೆ. ಇಪ್ಪತ್ತಾರು ವರ್ಷ ಕನ್ನಡ ವ್ಯಾಕರಣವನ್ನು ಗಟ್ಟಿಯಾಗಿ ಹೇಳಿಕೊಟ್ಟ ಗಂಟಲು ಒಂದು ಬೆಳಿಗ್ಗೆ, ಸಮಾಸ ಪ್ರಕರಣದ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಹೋಯಿತು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಮಾತನಾಡಕೂಡದೆಂದು ವೈದ್ಯರು ವಿಧಿಸಿದರು. ಇದನ್ನು ಮೊದಲೇ ತಿಳಿಸುವುದಕ್ಕೆ ಕಾರಣವಿದೆ. ನಾನು ಇಲ್ಲಿ ಬರೆಯಹೊರಟಿರುವುದು, ಬದುಕಿಗೆ ಆಧಾರವಾಗಿದ್ದ ಇಂದ್ರಿಯವೊಂದು ಇದೆಯೋ ಸತ್ತಿದೆಯೋ ಎಂಬ ವಿಚಾರಣೆಗೆ ಒಳಗಾದ ಮನುಷ್ಯರೊಬ್ಬರನ್ನು ಕುರಿತು. ಆ ವಿಚಾರಣೆಯಲ್ಲಿ ನಾನು ಪೂರ್ಣ ನಿರ್ಲಿಪ್ತನಾಗಿದ್ದೆನೆಂದು ಹೇಳಲಾರೆ.

ಅವರು ಹೋದ ಆಷಾಢದಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬೆಲ್ಲದ ಅಚ್ಚುಗಳ ತಳದಲ್ಲಿ ಹೆಸರು ಕೆತ್ತಿಸುವ ಮಾತು ಒಮ್ಮೆ ಬಂದಾಗ ಅವರು ಹೇಳಿದ್ದು ನನಗೆ ನೆನಪಿದೆ: “ಎಸ್ರು ಕೊರಿಸ್ಬ್ಯಾಡಿ. ತಿನ್ನೋವ್ನ ಹಲ್ಲಿಗೆ ಸಿಕ್ಕಾಕ್ಕತದೆ.”

ಪಾಂಡವಪುರದ ಆಚೆ, ನಾಲೆಯ ಬದಿಯ ಒಂದು ಆಲೆಮನೆಯಲ್ಲಿ ಅವರು ನಲವತ್ತು ವರ್ಷ ಪಾಕ ನೋಡಿದವರು. ಕಬ್ಬು ಅರೆಯುವವರು, ಒಲೆಗೆ ಒಣಸಿಪ್ಪೆ ತುರುಕುವವರು, ಅಚ್ಚಿಗೆ ಸುರಿಯುವವರು ಬೇರೆಬೇರೆ. ಕೊಪ್ಪರಿಗೆಯಲ್ಲಿ ಕುದಿಯುವ ರಸ ಯಾವ ಕ್ಷಣದಲ್ಲಿ ಬೆಲ್ಲವಾಯಿತೆಂದು ತೀರ್ಮಾನಿಸುವವರು ಒಬ್ಬರೇ. ಆ ಕ್ಷಣ ತಪ್ಪಿದರೆ ಒಂದು ಕೊಪ್ಪರಿಗೆ ರಸವೂ ಒಂದು ಹೊತ್ತಿನ ದುಡಿಮೆಯೂ ಹಾಳು. ನಾನು ಪಾಂಡವಪುರದ ಶಾಲೆಯಲ್ಲಿದ್ದ ಕಾಲದಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಪ್ರತಿವರ್ಷವೂ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಮೊದಲ ಸಲ ಹೋದಾಗ ನಾನು ಕೊಪ್ಪರಿಗೆಯ ಪಕ್ಕದಲ್ಲಿ ನಿಂತು, ಮಕ್ಕಳಿಗೆ ದ್ರವ, ಘನ ಎಂದು ವಿವರಿಸತೊಡಗಿದೆ. ಅವರು ಪಾಕ ಕಲಕುವ ಉದ್ದ ಹಿಡಿಯ ಗೋರಿಯನ್ನು ಕೊಪ್ಪರಿಗೆಯ ಅಂಚಿಗೆ ಒರಗಿಸಿ ಕೈಮುಗಿದರು.

“ಮೇಷ್ಟ್ರೆ, ವಸಿ ಸುಮ್ಕಿರಿ. ಅದು ಮಾತಾಡ್ತಾ ಅದೆ.”

ಮಕ್ಕಳು ನಕ್ಕರು. ಇಪ್ಪತ್ತಾರು ವರ್ಷದ ವೃತ್ತಿಯಲ್ಲಿ ನನ್ನನ್ನು ಸುಮ್ಮನಿರಿಸಿದವರು ಇಬ್ಬರೇ: ಅವರು ಮತ್ತು ನನ್ನ ಗಂಟಲು.

ಆಮೇಲೆ ಅವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು. ರಸ ಮೊದಲು ಕೊತಕೊತ ಎನ್ನುತ್ತದೆ. ನೀರು ಹೋದ ಹಾಗೆ ಸದ್ದು ತಗ್ಗಿ ಲೊಚಲೊಚ ಎನ್ನುತ್ತದೆ. ಕೊನೆಗೆ ಗುಳ್ಳೆಗಳು ಒಡೆಯಲು ಸೋಮಾರಿತನ ಮಾಡುತ್ತವೆ. ಆಗ ಅವರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಹೊಡೆಯುತ್ತಿದ್ದರು. ಟಣ್ ಎಂದರೆ ಆಯಿತು. “ನಾಲ್ಗೆ ಕೊನೇಲಿ ಬರೋ ಸಾಕ್ಸಿ,” ಎಂದು ಮಕ್ಕಳಿಗೆ ಹೇಳುತ್ತಿದ್ದರು. “ಮೊದ್ಲು ಕಿವಿ. ಆಮ್ಯಾಕೆ ಬೆಟ್ಟು. ಆಮ್ಯಾಕೆ ನಾಲ್ಗೆ. ಆದ್ರೆ ತೀರ್ಪು ಕೊಡೋದು ನಾಲ್ಗೆನೇ.”

ಆ ಆಲೆಮನೆಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಪಾಕದ ಮೊದಲ ತುಣುಕನ್ನು ಕಬ್ಬಿನ ಸೋಗೆಯ ಮೇಲೆ ಇಟ್ಟು ಒಲೆಯ ಮೂಲೆಯಲ್ಲಿ ಇರಿಸುತ್ತಿದ್ದರು. ಅದಕ್ಕೆ ಒಲೆಪಾಲು ಎಂದು ಹೆಸರು. ಆಲೆಮನೆಯಲ್ಲಿ ದುಡಿಯದ, ಆ ದಾರಿಯಲ್ಲಿ ಬಂದ ಯಾರಾದರೂ ಹೊರಗಿನವರೇ ಅದನ್ನು ತಿಂದು, ಹೇಗಿದೆ ಎಂದು ಹೇಳಬೇಕು. ಅವರು ಹೇಳುವವರೆಗೆ ಪಾಕ ನೋಡಿದವರು ರುಚಿಯ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಹಾಗೇಕೆಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನ್ನಂಥವನಿಗೆ ಬಹಳ ಹಿಡಿಸಿತು: “ತನ್ ಪೇಪರ್ಗೆ ತಾನೇ ಮಾರ್ಕ್ಸು ಆಕ್ಕೋಬೋದಾ ಮೇಷ್ಟ್ರೆ?”

ಕಬ್ಬಿನ ಕಾಲದಲ್ಲಿ ಅವರು ಎಲೆಅಡಿಕೆ ಮುಟ್ಟುತ್ತಿರಲಿಲ್ಲ. ಮೆಣಸಿನಕಾಯಿ ಇಲ್ಲದ ಸಾರು ಉಣ್ಣುತ್ತಿದ್ದರು. ರುಚಿ ನೋಡುವ ಮುನ್ನ ಮೂರು ಸಲ ಬಾಯಿ ಮುಕ್ಕಳಿಸಿ, ಟವೆಲಿನ ಒಂದು ನಿರ್ದಿಷ್ಟ ಮೂಲೆಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ಉಳಿದ ಮೂರು ಮೂಲೆಗಳು ಬೆವರಿಗೆ. ಬೆಲ್ಲವನ್ನು ಜಗಿಯುತ್ತಿರಲಿಲ್ಲ. ಕಡಲೆಕಾಳಿನಷ್ಟನ್ನು ನಾಲಿಗೆಯ ಮೇಲಿಟ್ಟು, ಮನೆಗೆ ಬಂದ ಹಿರಿಯರು ತಾವಾಗಿ ಮಾತಿಗೆ ತೊಡಗಲೆಂದು ಕಾಯುವವರ ಹಾಗೆ ಕಾಯುತ್ತಿದ್ದರು.

ಇಂಥವರನ್ನು 2021ರ ದಸರೆಯ ಹೊತ್ತಿಗೆ ಆಲೆಮನೆಯ ಗೌಡರು ಹೊರಗೆ ಹಾಕಿದರು.

ಗೌಡರೂ ಅವರೂ ಒಂದೇ ಊರಿನವರು, ಒಂದೇ ವಯಸ್ಸಿನವರು, ಪ್ರಾಥಮಿಕ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತವರು. ನಾಲ್ಕು ಜನರ ಮುಂದೆ ಇವರು “ಗೌಡ್ರೆ” ಎನ್ನುತ್ತಿದ್ದರು, ಇಬ್ಬರೇ ಇದ್ದಾಗ “ಲೇ.” ಆ ವರ್ಷದ ಬೇಸಗೆಯಲ್ಲಿ ಊರೂರಿಗೆ ಬಂದ ಜ್ವರ ಇವರಿಗೂ ಬಂದು ಹದಿನೈದು ದಿನ ಮಲಗಿಸಿತು. ಎದ್ದು ಕೆಲಸಕ್ಕೆ ಹೋದರು. ನಾಲ್ಕು ತಿಂಗಳು ಏನೂ ಆಗಲಿಲ್ಲ. ಬಳಿಕ ಒಂದು ದಿನ, ತಾವು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕೊಪ್ಪರಿಗೆಗೆ ಯಾರೋ ಸಕ್ಕರೆ ಸುರಿದಿದ್ದಾರೆ ಎಂದು ಅವರು ಆಳುಕಾಳುಗಳ ಎದುರಿಗೇ ಹೇಳಿದರು. ಗೌಡರು ಸಿಟ್ಟಾದರು. “ಜರ ಬಂದ ಮ್ಯಾಕೆ ನಿನ್ ನಾಲ್ಗೆ ಸತ್ತದೆ ಕಣ್ಲಾ. ಸತ್ತ ನಾಲ್ಗೆ ಮಡಿಕಂಡು ನನ್ ಮ್ಯಾಲೆ ದೂರು ಯೋಳ್ತೀಯಾ?” ಎಂದರು. ಮರುದಿನ ಗೋರಿ ಬೇರೆಯವನ ಕೈಗೆ ಹೋಯಿತು.

ಮಾತು ಹರಡಲು ಎಷ್ಟು ಹೊತ್ತು? ಕೆ.ಆರ್. ಪೇಟೆಯ ಸಂತೆಯಲ್ಲಿ ಒಬ್ಬ ವ್ಯಾಪಾರಿ ಅಂಗೈ ಚಾಚಿ, “ಅಣ್ಣೋ, ಇದು ಉಪ್ಪೋ ಸಕ್ರೆಯೋ, ನೆಕ್ಕಿ ಯೋಳು ನೋಡುವಾ,” ಎಂದನಂತೆ. ಅವರು ಆ ಸಂತೆಗೆ ಹೋಗುವುದನ್ನೇ ಬಿಟ್ಟರು. ಅವರಿಗೆ ಬೇಕಾದದ್ದು ಒಂದೇ: ಅದೇ ಒಲೆಯ ಮುಂದೆ, ಅದೇ ಕೊಪ್ಪರಿಗೆಯ ಎದುರು ಮತ್ತೆ ನಿಲ್ಲಬೇಕು. ಬೇರೆ ಆಲೆಮನೆಯವರು ಕರೆದರೂ ಹೋಗಲಿಲ್ಲ. “ಅಪವಾದ ಅಲ್ಲೇ ಅದೆ, ನಾನು ಬ್ಯಾರೆ ಕಡೆ ಓಗಿ ನಿಂತ್ರೆ ಅದನ್ನ ಯಾರು ತೊಳ್ಯೋರು?” ಎಂದರು.

ಇಷ್ಟು ವಿಷಯ ನನಗೆ ತಿಳಿದದ್ದು ಸೌಮ್ಯಳಿಂದ. ಈಕೆ ನಾಗಮಂಗಲದ ಹೊಣಕೆರೆ ಕಡೆಯ ರೈತರ ಮನೆಯ ಮಗಳು. ನನ್ನ ಹಳೆಯ ವಿದ್ಯಾರ್ಥಿನಿ. ಪಾಕ ನೋಡುವವರ ಹೆಂಡತಿಯ ತಂಗಿಯ ಮಗಳಾದ್ದರಿಂದ ಅವರನ್ನು ದೊಡ್ಡಪ್ಪ ಎನ್ನುತ್ತಾಳೆ. ಆಹಾರ ತಂತ್ರಜ್ಞಾನ ಓದಿ, ಹಲವು ಕಡೆ ಬಿಯರು ತಯಾರಿಸುವ ಕೆಲಸ ಕಲಿತು, ಬಾಬುರಾಯನಕೊಪ್ಪಲಿನ ಹತ್ತಿರ ಮೈಸೂರು ರಸ್ತೆಯ ಬದಿಯಲ್ಲಿ ತನ್ನದೇ ಸಣ್ಣ ಬಿಯರುಮನೆ ತೆರೆದಿದ್ದಳು. ಆ ಹೊತ್ತಿಗೆ ಆ ದಾರಿಯಲ್ಲಿ ಅಂಥವು ಒಂದೊಂದಾಗಿ ತಲೆಯೆತ್ತುತ್ತಿದ್ದವು. ಒಬ್ಬರು ಹುಣಸೆಹಣ್ಣಿನ ಬಿಯರು ಮಾಡಿದರೆ ಇನ್ನೊಬ್ಬರು ಬಾಳೆಹಣ್ಣಿನದು. ವಾರದ ಕೊನೆಯಲ್ಲಿ ಕಾರುಗಳು ಸಾಲುಗಟ್ಟುತ್ತಿದ್ದವು. ಸೌಮ್ಯ ತನ್ನ ಊರಿನ ರಾಗಿಯನ್ನು ಮೊಳಕೆ ಕಟ್ಟಿ ಹುರಿದು, ದೊಡ್ಡಪ್ಪ ಕಾಯಿಸಿದ ಬೆಲ್ಲ ಸೇರಿಸಿ, ಸ್ಟೌಟ್ ಎಂಬ ಕಪ್ಪು ಬಿಯರನ್ನು ಮಾಡಿದಳು. ಮೊದಲ ಕಾಯಿಸುವಿಕೆಗೆ ಬಹಳ ಒಳ್ಳೆಯ ಹೆಸರು ಬಂತು. ಎರಡನೆಯದು, ಅದೇ ಅಳತೆ, ಅದೇ ರಾಗಿ, ನೋಡುವುದಕ್ಕೆ ಅದೇ ಕಪ್ಪು; ಆದರೆ ಬಾಯಲ್ಲಿ ತೆಳ್ಳಗಾಗಿತ್ತು. ವ್ಯತ್ಯಾಸ ಒಂದೇ. ಬೆಲ್ಲ ಅದೇ ಆಲೆಮನೆಯದಾದರೂ, ದೊಡ್ಡಪ್ಪ ಹೊರಬಿದ್ದ ಮೇಲಿನದು.

ನನ್ನನ್ನು ಅವಳು ಕರೆದದ್ದು ತಿಂಡಿಪಟ್ಟಿಯ ಕನ್ನಡ ತಿದ್ದಿಕೊಡಲು. ದೇವಸ್ಥಾನದ ಸೇವೆಯ ಮನೆತನದವನು ನಾನು. ಶ್ರೀರಂಗಪಟ್ಟಣದ ನನ್ನ ಮನೆಯಿಂದ ಆ ಜಾಗಕ್ಕೆ ಐದು ನಿಮಿಷದ ದಾರಿಯಾದರೂ, ಅಂಥ ಬಾಗಿಲನ್ನು ಅದುವರೆಗೆ ದಾಟಿದವನಲ್ಲ. ಒಳಗೆ ಹೋದರೆ, ತಾಮ್ರ ಬಣ್ಣದ ದೊಡ್ಡ ಪಾತ್ರೆಗಳ ಎದುರು, ಬಿಳಿಯ ಪಂಚೆಯುಟ್ಟು ಹೆಗಲಿಗೆ ಟವೆಲು ಹಾಕಿಕೊಂಡು ಅವರೇ ಕುಳಿತಿದ್ದರು. ಮುಂದೆ ಒಂದು ಗಾಜಿನ ಲೋಟ ಕಪ್ಪು ಬಿಯರು. ಕುಡಿದಿರಲಿಲ್ಲ. ನೋಡುತ್ತಿದ್ದರು.

“ಬನ್ನಿ ಮೇಷ್ಟ್ರೆ. ನಮ್ಮಪ್ಪನ ಕಾಲ್ದಲ್ಲಿ ಬೆಲ್ಲದ್ ಸಾರಾಯಿ ಮಾಡುದ್ರೆ ಪೋಲೀಸ್ನೋರು ಮಡ್ಕೆ ಒಡೆದು ಎಳ್ಕೊಂಡೋಗೋರು. ಈಗ ನಮ್ ಉಡ್ಗಿ ಬೋಲ್ಡು ಆಕ್ಕೊಂಡು ಮಾರ್ತಾ ಅವ್ಳೆ. ನೀವು ಬೋಲ್ಡು ತಿದ್ದಕ್ಕೆ ಬಂದಿದ್ದೀರಿ!”

“ದೊಡ್ಡಪ್ಪ, ಇದು ಸಾರಾಯಿ ಅಲ್ಲ ಅಂತ ಎಷ್ಟು ಸಲ ಹೇಳ್ಲಿ?” ಎಂದು ಸೌಮ್ಯ ಒಳಗಿನಿಂದ ಕೂಗಿದಳು.

ನನಗೆ ಕುತೂಹಲವಾಯಿತು. ತಿದ್ದುವ ವಸ್ತುವಿನ ಪರಿಚಯವಿಲ್ಲದೆ ತಿದ್ದುವುದು ಅಕ್ರಮ ಎಂಬ ವಾದವನ್ನು ನನಗೆ ನಾನೇ ಹೂಡಿಕೊಂಡು, ಒಂದು ಚಮಚದಷ್ಟು ಕೊಡೆಂದು ಸೌಮ್ಯಳನ್ನು ಕೇಳಿದೆ. ಅವಳು ಚಮಚ ತಂದಳು. ಆಗ ನನ್ನ ಬಲಗೈ, ಐವತ್ತು ವರ್ಷದ ಅಭ್ಯಾಸದಿಂದ, ತಾನಾಗಿಯೇ ಗುಳಿಮಾಡಿಕೊಂಡು ಮುಂದೆ ಬಂತು. ಎಡಗೈ ಅದರ ಕೆಳಗೆ ಸೇರಿತು. ಸೌಮ್ಯ ಅಂಗೈಗೇ ಬಿಟ್ಟಳು.

“ತೀರ್ತ ಅಲ್ಲ ಕಣಿ ಮೇಷ್ಟ್ರೆ,” ಎಂದರು ಅವರು. “ಕುಡುದ್ಬುಟ್ಟು ತಲೆಗೆ ಒರುಸ್ಕೊಂಬುಟ್ಟೀರಿ.”

ಒರೆಸಿಕೊಳ್ಳಲಿಲ್ಲ. ಆದರೆ ಕೈ ಅರ್ಧದಾರಿ ಹೋಗಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ರುಚಿಯನ್ನು ನನಗೆ ಗೊತ್ತಿರುವ ಪದಗಳಲ್ಲಿ ಹೇಳುವುದಾದರೆ, ಮೊದಲು ಬಂದದ್ದು ಕಹಿ, ಸಕ್ಕರೆ ಮರೆತ ಡಿಕಾಕ್ಷನ್ನಿನ ಕಹಿ. ಅದರ ಹಿಂದೆ ಹುರಿದ ರಾಗಿಯ ಹಿಟ್ಟು. ಅದರ ಹಿಂದೆ, ತಳ ಹಿಡಿದ ಪಾತ್ರೆಯನ್ನು ಕೆರೆದಾಗ ಮೂಗಿಗೆ ಅಡರುವ ವಾಸನೆ. ಸಿಹಿ ಎಲ್ಲಿಯೂ ಇರಲಿಲ್ಲ. ನುಂಗಿ ಎಷ್ಟೋ ಹೊತ್ತಾದ ಮೇಲೆ, ಬೆಲ್ಲ ತಾನು ಅಲ್ಲಿಗೆ ಬಂದು ಹೋಗಿದ್ದೆ ಎಂದು ಗಂಟಲಿನ ಹಿಂಬದಿಯಲ್ಲಿ ಸಣ್ಣದೊಂದು ಗುರುತು ಬಿಟ್ಟಿತು. ಅದು ನನಗೆ ಸೋಜಿಗವೆನಿಸಿತು.

ಸೌಮ್ಯ ಗೌಡರಿಗೂ ಹೇಳಿಕಳುಹಿಸಿದ್ದಳು. ಬೆಲ್ಲ ಕೊಡುವವರು ಅವರೇ ಆದ್ದರಿಂದ ಅವರು ಬಂದೇ ಬರಬೇಕಾಗಿತ್ತು. ಬಂದವರು ಇವರನ್ನು ಕಂಡು ಬಾಗಿಲಲ್ಲೇ ನಿಂತರು. “ಬೆಲ್ಲ ಸರಿ ಇಲ್ಲ ಅಂತ ಇವ್ನು ಯೋಳಿದ್ನಾ? ನಾಲ್ಗೆ ಸತ್ತೋನ ಮಾತ್ನ ಕಟ್ಕೊಂಡು ನನ್ನ ಕರುಸ್ದಾ ಮಗಾ?”

“ಸತ್ತಿದೆಯೋ ಇಲ್ಲವೋ ಪರೀಕ್ಷೆ ಮಾಡಿಬಿಡಿ,” ಎಂದೆ ನಾನು. ದಿನದ ಒಂದು ಗಂಟೆಯ ಮಾತಿನಲ್ಲಿ ಇಷ್ಟನ್ನು ವ್ಯಯಿಸಬೇಕೆಂದು ಏಕೆ ತೋರಿತೋ ತಿಳಿಯದು. “ಮೊದಲ ಬಿಯರಿನಲ್ಲಿರುವುದು ಇವರೇ ಕಾಯಿಸಿದ ಬೆಲ್ಲ. ಎರಡನೆಯದರಲ್ಲಿ ಇವರದಲ್ಲ. ಬೇರ್ಪಡಿಸಿ ಹೇಳಲಿ.”

ಗೌಡರು ಅವರನ್ನೂ ನನ್ನನ್ನೂ ನೋಡಿದರು. “ಆಗ್ಲಿ. ಯೋಳ್ಬುಟ್ರೆ ನಾಳಿಕ್ಕೇ ಕೊಪ್ಪರಿಗೆ ಮುಂದೆ ನಿಲ್ಲುಸ್ತೀನಿ. ತಪ್ಪುದ್ರೆ ಇನ್ನೊಂದ್ಸಲ ನನ್ ಬೆಲ್ಲದ ಸುದ್ದಿ ಎತ್ತಕೂಡ್ದು.”

ಪರೀಕ್ಷೆಯ ವ್ಯವಸ್ಥೆ ನನ್ನದು. ಗಾಜಿನ ಲೋಟವಾದರೆ ನೊರೆ ನೋಡಿ ಊಹಿಸಬಹುದೆಂದು, ಅಡುಗೆಮನೆಯಿಂದ ಐದು ಸ್ಟೀಲು ಲೋಟ ತರಿಸಿದೆ. ತಳದಲ್ಲಿ ಒಂದರಿಂದ ಐದರವರೆಗೆ ಅಂಕಿಯ ಚೀಟಿ ಅಂಟಿಸಿದೆ. ಯಾವುದೋ ಎರಡು ಲೋಟಕ್ಕೆ ಮೊದಲ ಬಿಯರನ್ನೂ ಉಳಿದ ಮೂರು ಲೋಟಕ್ಕೆ ಎರಡನೆಯದನ್ನೂ ಒಳಗೆ ಹೋಗಿ ನಾನೇ ತುಂಬಿಸಿ, ಯಾವುದರಲ್ಲಿ ಯಾವುದೆಂದು ಯಾರಿಗೂ ಹೇಳದೆ, ಉತ್ತರಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೆ. ಬೆರಳು ಅದ್ದಬಾರದು ಎಂದೂ ವಿಧಿಸಿದೆ. ಇಷ್ಟು ಬಿಗಿಯಾದ ಪರೀಕ್ಷೆಯನ್ನು ನಾನು ಹತ್ತನೆಯ ತರಗತಿಯವರಿಗೂ ಮಾಡಿದವನಲ್ಲ.

ಅವರು ಮೂರು ಸಲ ಬಾಯಿ ಮುಕ್ಕಳಿಸಿದರು. ಟವೆಲಿನ ಆ ಮೂಲೆಯಿಂದ ತುಟಿ ಒರೆಸಿಕೊಂಡರು. ಮೊದಲ ಲೋಟವನ್ನು ಎತ್ತಿ ಕೆನ್ನೆಗೆ ತಾಗಿಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಬಳಿಕ ತುಟಿಗೆ ಸೋಕಿಸಿ ಕೆಳಗಿಟ್ಟರು.

“ನಂದಲ್ಲ.”

ಎರಡನೆಯದು. “ನಂದು.”

ಮೂರನೆಯದನ್ನು ಹೆಚ್ಚು ಹೊತ್ತು ಹಿಡಿದಿದ್ದರು. ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಅದು ಹೋಗುವವರೆಗೆ ಕಾದರು. “ನಂದಲ್ಲ.” ನಾಲ್ಕು: “ನಂದಲ್ಲ.” ಐದು: “ಇದೂ ನಂದು.”

ನಾನು ಜೇಬಿನಿಂದ ಪಟ್ಟಿ ತೆಗೆದೆ. ಐದಕ್ಕೆ ಐದು. ಸೌಮ್ಯ ಚಪ್ಪಾಳೆ ತಟ್ಟಿ ಅಲ್ಲೇ ನಿಲ್ಲಿಸಿದಳು, ಗೌಡರ ಮುಖ ನೋಡಿ. ಗೌಡರು ಎದ್ದು, ಪಂಚೆ ಕೊಡವಿ, “ನಾಳೆ ಆರ್ ಗಂಟ್ಗೆ ಗಾಣ ಕಟ್ತೀವಿ. ಬಾ,” ಎಂದಷ್ಟೇ ಹೇಳಿ ಹೋದರು. ನಾನು ನನ್ನ ದಿನಚರಿ ಪುಸ್ತಕದಲ್ಲಿ ದುಂಡಗೆ ಬರೆದೆ: ಐದು ಮಾದರಿಗಳನ್ನೂ ನಾಲಿಗೆಯಿಂದ ಗುರುತಿಸಿದರು.

ಬಸ್ಸಿಗಾಗಿ ಅವರೊಂದಿಗೆ ನಿಲ್ದಾಣದವರೆಗೆ ನಡೆದೆ. ಅಲ್ಲಿ ಒಂದು ಪ್ರಶ್ನೆ ನನ್ನನ್ನು ಬಾಧಿಸತೊಡಗಿತು. ತುಟಿಗೆ ಸೋಕಿಸಿದ್ದಷ್ಟೇ, ಅವರು ನುಂಗಿದ್ದನ್ನು ನಾನು ಕಂಡಿರಲಿಲ್ಲ. ಇಪ್ಪತ್ತಾರು ವರ್ಷ ಪರೀಕ್ಷಾ ಕೊಠಡಿಯಲ್ಲಿ ಓಡಾಡಿದವನ ಕಣ್ಣು ಅದು.

“ಬಸ್ಸು ಹೋಗುವವರೆಗೆ ಏಕೆ ಕಾದಿರಿ?” ಎಂದು ಕೇಳಿದೆ.

ಅವರು ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು.

“ಇಡುದ್ಬುಟ್ರಿ,” ಎಂದರು. “ನಾಲ್ಗೆ ಸತ್ತದೆ ಮೇಷ್ಟ್ರೆ. ಜರ ಬಂದಾಗಿಂದ ಬೆಲ್ಲಾನೂ ಒಂದೇ, ಸುಣ್ಣಾನೂ ಒಂದೇ. ಗೌಡ ಯೋಳಿದ್ದೂ ದಿಟ, ನಾನು ಯೋಳಿದ್ದೂ ದಿಟ. ಸಕ್ರೆ ಬಿದ್ರೆ ಕೊಪ್ಪರಿಗೆ ಸದ್ದು ಬೇರೆ ಆಯ್ತದೆ, ಎಲ್ಡು ಬೆಟ್ನಲ್ಲಿ ಎಳದ್ರೆ ಪಾಕದ ದಾರ ಪಟ್ ಅಂತದೆ. ನಾಕು ತಿಂಗ್ಳು ಕಿವೀಲೇ ಬೆಲ್ಲ ಕಾಯ್ಸಿವ್ನಿ. ಒಲೆಪಾಲು ತಿನ್ನೋರ ಮೊಕ ನೋಡ್ತಿದ್ದೆ, ರುಚಿ ಅಲ್ಲಿ ಓದ್ಕೋತಿದ್ದೆ.”

“ಹಾಗಾದರೆ ಈ ಬಿಯರು?”

“ಒಳ್ಳೆ ಬೆಲ್ಲದ್ದು ನೊರೆ ಪಿಸುಗುಟ್ತದೆ. ಇನ್ನೊಂದ್ರದ್ದು ಚಟಚಟ ಅಂತದೆ. ಗಾಜಿನ ಲೋಟ್ದಲ್ಲಿ ನಂಗೂ ಕೇಳ್ತಿರ್ಲಿಲ್ಲ, ಬೆಳಿಗ್ಗಿಂದ ನೋಡ್ದೆ. ನೀವು ಸ್ಟೀಲು ಲೋಟ ತರುಸುದ್ರಲ್ಲಾ, ತಮಟೆ ಕೊಟ್ಟಂಗಾಯ್ತು.”

ನಕಲು ತಡೆಯಲು ನಾನು ಕಟ್ಟಿದ ಗೋಡೆಯೇ ಅವರಿಗೆ ಏಣಿಯಾಗಿತ್ತು. ನನಗೆ ನಗು ಬಂತು. ಜೊತೆಗೆ ಜೇಬಿನಲ್ಲಿದ್ದ ಪುಸ್ತಕವೂ ನೆನಪಾಯಿತು. ನಾನು ಬರೆದ ವಾಕ್ಯ ಸುಳ್ಳಾಗಿತ್ತು. ಅದನ್ನು ತಿದ್ದಲೇಬೇಕು ಎಂದೆ.

“ತಿದ್ದಿ. ಆದ್ರೆ ಮೊದ್ಲು ನಾನೇ ಗೌಡ್ನಿಗೆ ಯೋಳ್ತೀನಿ. ಅಮಾಸೆಗಂಟ ಟೇಮ್ ಕೊಡಿ. ಒಂದ್ವಾರ ಕೊಪ್ಪರಿಗೆ ಮುಂದೆ ನಿಂತ್ಕೊಬುಡ್ತೀನಿ.” ಆಮೇಲೆ ದನಿ ತಗ್ಗಿಸಿ ಹೇಳಿದರು: “ಎಲ್ಲಾ ಕಿವೀಗೆ ಸಿಕ್ತದೆ. ಸುಣ್ಣ ಒಂದು ಸಿಕ್ಕಲ್ಲ. ಸುಣ್ಣಕ್ಕೆ ಸದ್ದಿಲ್ಲ ಮೇಷ್ಟ್ರೆ. ಅದೊಂದು ಅಳೆದು ಆಕ್ತೀನಿ, ದೇವ್ರ ಮ್ಯಾಲೆ ಬಾರ ಆಕ್ತೀನಿ.”

ರಸದ ಕೊಳೆ ತೆಗೆಯಲು ಹಾಕುವ ಸುಣ್ಣದ ನೀರು ಕಡಿಮೆಯಾದರೆ ಬೆಲ್ಲ ಕಟ್ಟದು. ಸ್ವಲ್ಪ ಮುಂದಾದರೆ, ಅಂದರೆ ಹೆಚ್ಚಾದರೆ, ನಾಲಿಗೆಗೆ ಒಗರು. ಕಬ್ಬು ಬದಲಾದಂತೆ ಅದರ ಅಳತೆಯೂ ಬದಲಾಗಬೇಕು. ಅಷ್ಟನ್ನು ಶಾಲೆಯ ಮಕ್ಕಳಿಗೆ ಅವರೇ ಕಲಿಸಿದ್ದರು.

ಅಮಾವಾಸ್ಯೆಯ ದಿನ ಆ ಕಡೆಯ ಆಲೆಮನೆಗಳಲ್ಲಿ ಗಾಣ ಕಟ್ಟುವುದಿಲ್ಲ. ಆ ಬೆಳಿಗ್ಗೆ ನಾನೂ ಅವರ ಜೊತೆ ಹೋದೆ. ತಣ್ಣಗಿದ್ದ ಒಲೆಯ ಪಕ್ಕದಲ್ಲಿ ಗೌಡರು ಅಚ್ಚುಗಳನ್ನು ಎಣಿಸುತ್ತಿದ್ದರು. ಅವರು ಪೀಠಿಕೆಯಿಲ್ಲದೆ ಹೇಳಿದರು.

“ಲೇ ಗೌಡ. ನನ್ ನಾಲ್ಗೆ ಸತ್ತದೆ. ಅವತ್ತು ಕಿವೀಲಿ ಯೋಳ್ದೆ.”

ಗೌಡರು ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟರು. ನಾನು ಬೈಗುಳ ನಿರೀಕ್ಷಿಸಿದ್ದೆ. ಅವರ ಮುಖದಲ್ಲಿ ಮೂಡಿದ್ದು ಗಾಬರಿ.

“ಏನ್ಲಾ ಅಂಗಂದ್ರೆ? ದಿಟವಾಗ್ಲೂ?”

“ದಿಟವಾಗ್ಲೂ. ಒಂಬತ್ ತಿಂಗ್ಳಾಯ್ತು.”

“ಥೂ! ನಾನು ಸುಳ್ಳು ಯೋಳಿದ್ದು ಕಣ್ಲಾ! ಆ ಸಲದ ಕಬ್ಬು ನೀರ್ ನೀರಾಗಿತ್ತು, ಬೆಲ್ಲ ಕಟ್ತಿರ್ಲಿಲ್ಲ, ಎಲ್ಡು ಮೂಟೆ ಸಕ್ರೆ ಉಯ್ಯುಸ್ದೆ. ಎಲ್ರ ಮುಂದೆ ನೀನು ಇಡುದ್ಬುಟ್ಟೆ. ಬಾಯಿಗೆ ಬಂದದ್ದು ಅಂದ್ಬುಟ್ಟೆ. ಅದು ಓಗಿ ದಿಟ ಆಗ್ಬೇಕೇನ್ಲಾ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಯಾರೆಂದು ನಾನು ಖಚಿತವಾಗಿ ಹೇಳಲಾರೆ. ಗೌಡರು ಕಣ್ಣೊರೆಸಿಕೊಂಡು ಕೇಳಿದರು: “ಕಿವಿ ಎಂಗದೆ?”

“ಕಿವಿ ಚೆನ್ನಾಗದೆ.”

“ಅದು ಸತ್ತ ದಿನ ಯೋಳು. ಅಲ್ಲಿಗಂಟ ನಿಂತ್ಕೊ. ಸಕ್ರೆ ಮೂಟೆ ಇನ್ನೊಂದ್ಸಲ ಈ ಬಾಗ್ಲು ದಾಟಲ್ಲ.”

ಮನೆಗೆ ಬಂದು ನನ್ನ ಪುಸ್ತಕ ತೆರೆದೆ. ‘ನಾಲಿಗೆಯಿಂದ’ ಎಂಬುದನ್ನು ಹೊಡೆದು ‘ಕಿವಿಯಿಂದ’ ಎಂದು ಬರೆದೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದೆ: ನಾಲಿಗೆಯ ವಿಷಯ ಇತ್ಯರ್ಥವಾಗಿಲ್ಲ. ಹಾಗೆ ಬರೆಯಲು ಕಾರಣವಿತ್ತು. ಬಸ್ ನಿಲ್ದಾಣದಲ್ಲಿ ಹೊರಡುವ ಮುನ್ನ ಅವರು ಇನ್ನೊಂದು ಮಾತು ಹೇಳಿದ್ದರು. ತುಟಿಗೆ ಸೋಕಿಸಿದ ಆ ಕಪ್ಪು ಬಿಯರಿನಲ್ಲಿ, ಒಂಬತ್ತು ತಿಂಗಳಲ್ಲಿ ಮೊದಲ ಸಲ, ನಾಲಿಗೆಯ ಹಿಂತುದಿಯಲ್ಲಿ “ಏನೋ ಒಂದು ಗೀರು” ಎಳೆದ ಹಾಗಾಯಿತಂತೆ. ಕಹಿಯೋ ಅಥವಾ ಬರಿಯ ನೆನಪೋ, ಅವರಿಗೇ ಸಂಶಯ.

ಆಮೇಲೆ ಎರಡು ವರ್ಷ, ಹದಿನೈದು ದಿನಕ್ಕೊಮ್ಮೆ, ಅವರು ಪಾಂಡವಪುರದಿಂದ ಬಸ್ಸಿನಲ್ಲಿ ಬಂದು ಸೌಮ್ಯಳ ಬಿಯರುಮನೆಯಲ್ಲಿ ಒಂದು ಗುಟುಕು ಸ್ಟೌಟ್ ಬಾಯಲ್ಲಿ ಹಿಡಿಯುತ್ತಿದ್ದರು. ಒಂದೇ ಗುಟುಕು. ಕಾರಿನಲ್ಲಿ ಬಂದ ಯುವಕರು, ಮೊಬೈಲು ಎತ್ತಿ ಹಿಡಿದು, ಪಂಚೆಯುಟ್ಟ ಈ ಅಜ್ಜ ಕಣ್ಣು ಮುಚ್ಚಿ ಕುಳಿತಿರುವುದನ್ನು ಕಂಡು ದೊಡ್ಡ ರಸಿಕರೆಂದು ಭಾವಿಸುತ್ತಿದ್ದರು. ಒಬ್ಬ ಹತ್ತಿರ ಬಂದು, “ಅಜ್ಜಾ, ಯಾವ್ ನೋಟ್ಸ್ ಸಿಗ್ತಿದೆ?” ಎಂದು ಕೇಳಿದ. ಬಾಯಲ್ಲಿ ಸಿಗುವ ರುಚಿಯ ಎಳೆಗಳನ್ನು ಅಂಥವರು ನೋಟ್ಸ್ ಎನ್ನುತ್ತಾರೆ. ಅವರು ನನ್ನತ್ತ ಕೈ ತೋರಿಸಿ, “ನೋಟ್ಸು ಮೇಷ್ಟ್ರು ಬರ್ಕೋತಾವ್ರೆ,” ಎಂದರು.

ಬರೆದುಕೊಳ್ಳುತ್ತಿದ್ದೆನೆಂಬುದು ನಿಜ. ಅಲ್ಲಿ ಬೆಳೆದ ಪಟ್ಟಿ ತೀರ ಚಿಕ್ಕದು. ಮೂರನೆಯ ತಿಂಗಳಲ್ಲಿ, ಕಹಿ ಖಂಡಿತ. ಏಳನೆಯ ತಿಂಗಳಲ್ಲಿ, ಯಾರೋ ಪಕ್ಕದ ಮನೆಯಲ್ಲಿ ರಾಗಿ ಹುರಿಯುತ್ತಿದ್ದ ಹಾಗೆ. ಮುಂದಿನ ವರ್ಷದ ಮಳೆಗಾಲದಲ್ಲಿ, ಸೀದ ವಾಸನೆ. ಸಿಹಿಯ ಮನೆ ಖಾಲಿ. ನಡುವೆ ಐದು ತಿಂಗಳು ಏನೂ ಇಲ್ಲ. ಆ ಸಾಲುಗಳಲ್ಲಿ ನಾನು ಅಡ್ಡಗೆರೆ ಎಳೆದಿದ್ದೇನೆ. ಸೌಮ್ಯ ಒಮ್ಮೆ ಬೇಸತ್ತು, “ದೊಡ್ಡಪ್ಪ, ಡಾಕ್ಟ್ರ ಹತ್ರ ಹೋಗಣ, ಬನ್ನಿ,” ಎಂದಳು. ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತ, “ಇರವ್ವ. ಕಬ್ಬು ನಾಟಿ ಮಾಡ್ದ ಮಾರ್ನೆ ದಿನ ಗಾಣಕ್ಕೆ ಬತ್ತದಾ?” ಎಂದರು.

ಒಂದು ಭಾನುವಾರ ನಾನು ಆಲೆಮನೆಗೆ ಹೋದೆ. ಯಾವ ಉದ್ದೇಶವೂ ಇರಲಿಲ್ಲ. ಆ ದಿನ ಬಾಬುರಾಯನಕೊಪ್ಪಲಿಗೆ ಅವರು ಬರುವ ಸರದಿಯೂ ಅಲ್ಲ. ಹೊಸ ತೋಟದ ಕಬ್ಬು ಬಂದಿತ್ತು. ಪಾಕ ಆಗಷ್ಟೇ ಅಚ್ಚಿಗೆ ಬಿದ್ದಿತ್ತು. ಹೊರಗಿನಿಂದ ಬಂದವನು ನಾನೇ ಆದ್ದರಿಂದ ಅವರು ಸೋಗೆಯ ಮೇಲಿದ್ದ ಒಲೆಪಾಲನ್ನು ನನಗೆ ಕೊಟ್ಟರು. ಎಂದಿನಂತೆ ತಾವೂ ಕಡಲೆಕಾಳಿನಷ್ಟು ಬಾಯಿಗೆ ಹಾಕಿಕೊಂಡು, ನನ್ನ ಮುಖವನ್ನು ಓದಲು ಎದುರಿಗೆ ನಿಂತರು. ನಾನಿನ್ನೂ ತುಣುಕನ್ನು ತುಟಿಗೆ ಇಟ್ಟಿರಲಿಲ್ಲ.

“ತಡೀರಿ,” ಎಂದರು.

ನಲವತ್ತು ವರ್ಷದಲ್ಲಿ ಅವರು ಆ ಪದ್ಧತಿಯನ್ನು ಮುರಿದದ್ದು ಅದೊಂದೇ ಸಲ ಎಂದು ಆಮೇಲೆ ಗೌಡರು ಹೇಳಿದರು.

“ಸುಣ್ಣ ಮುಂದಾಗ್ಬುಟ್ಟದೆ.”

ಗೌಡರು ಅಚ್ಚಿನ ಸಾಲಿನಿಂದ ತಲೆಯೆತ್ತಿದರು. “ಬಣ್ಣ ಸರಿಯಾಗೇ ಅದೆ, ಟಣ್ ಅಂತು, ಇನ್ನೇನ್ಲಾ ನಿಂದು?”

ನಾನು ತಿಂದೆ. ಸಿಹಿ ಕರಗಿದ ಮೇಲೆ, ಎಲೆಗೆ ಸುಣ್ಣ ಸ್ವಲ್ಪ ಹೆಚ್ಚು ಹಚ್ಚಿದಾಗ ಆಗುವ ಹಾಗೆ, ನಾಲಿಗೆಯ ಅಂಚು ಒಣಗಿತು. ಗೌಡರೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು, ಮುಖ ಗಂಟಿಕ್ಕಿದರು. “ಔದ್ಕಣ್ಲಾ! ಒಂದ್ ಕೊಪ್ಪರಿಗೆ ಕೆಡುಸ್ಬುಟ್ಟಲ್ಲೋ!”

“ಕೆಡುಸ್ದೆ ಕಣ್ಲಾ ಗೌಡ!” ಎಂದು ಅವರು ಕೂಗಿದರು, ಗಾಣದ ಸದ್ದಿನ ಮೇಲೆ ಅಲ್ಲಿದ್ದ ಎಲ್ಲರಿಗೂ ಕೇಳಿಸುವ ಹಾಗೆ. “ನಾನೇ ಕೆಡುಸ್ದೆ! ಕೆಟ್ಟೋಗ್ಬುಟ್ಟದೆ, ಎಲ್ರೂ ತಿಂದು ನೋಡ್ರಲಾ!”

ಗಾಣದವರು, ಒಲೆಯವರು ಬಂದು ನೋಡಿದರು. ಬೆಲ್ಲ ಕೆಡಿಸಿದ ಮನುಷ್ಯ ಹೀಗೇಕೆ ಕುಣಿಯುತ್ತಿದ್ದಾನೆಂದು ಅವರಲ್ಲಿ ಯಾರಿಗೂ ತಿಳಿಯಲಿಲ್ಲ. ಗೌಡರಿಗೆ ತಿಳಿಯಿತು. ಅವರು ಮತ್ತೆ ಬೈಯಲು ಬಾಯಿ ತೆರೆದವರು, ಮುಚ್ಚಿಕೊಂಡು, ಇನ್ನೊಂದು ಚೂರು ಮುರಿದು ತಿಂದರು.

“ಸಿಹಿ?” ಎಂದು ನಾನು ಮೆಲ್ಲಗೆ ಕೇಳಿದೆ.

ಅವರು ಕಣ್ಣು ಮುಚ್ಚಿ ಕಾದರು. “ಬಂದದೆ ಮೇಷ್ಟ್ರೆ. ಇಂದ್ಗಡೆ ನಿಂತದೆ, ಒಸ ನೆಂಟ್ರು ನಿಂತಂಗೆ. ಕರುದ್ರೆ ಒಳೀಕೆ ಬತ್ತದೆ.”

ಒಲೆಯ ಬೂದಿ ಹಾರುತ್ತಿದ್ದ ಆ ಜಾಗದಲ್ಲೇ ನಾನು ಪುಸ್ತಕ ತೆರೆದು, ಅಂಚಿನಲ್ಲಿದ್ದ ‘ಇತ್ಯರ್ಥವಾಗಿಲ್ಲ’ ಎಂಬುದನ್ನು ನೇರವಾದ ಒಂದು ಗೆರೆಯಿಂದ ಹೊಡೆದು, ಅದರ ಮುಂದೆ ದಿನಾಂಕ ಹಾಕಿದೆ: 2024ನೆಯ ಇಸವಿ, ಫೆಬ್ರವರಿ 11, ಭಾನುವಾರ.